ಪೇಪರಿನಲ್ಲಿ ಬಂದ ವೈದ್ಯರನ್ನು ಹುಡುಕಿ ಹೊರಡುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ ರೈತರೊಬ್ಬರು ತಮ್ಮ ಹದಿಮೂರು ವರ್ಷದ ಮಗಳನ್ನು ಆಟೋದಲ್ಲಿ ಕರೆತಂದರು. ಬೆಳಗಿನಿಂದ ವಾಂತಿ, ಹೊಟ್ಟೆನೋವು. ಹುಡುಗಿ ಏದುಸಿರು ಬಿಡುತ್ತಿದ್ದಳು, ನಾಲಿಗೆ ಒಣಗಿತ್ತು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಇತ್ತು. ಅವಳು ಎರಡು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. "ಇಂಜೆಕ್ಷನ್ ಸರಿಯಾಗಿ ಕೊಡ್ತಿದ್ದೀರಾ?" ಎಂದು ಕೇಳಿದೆ. ತಂದೆ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯಾದ ಪತ್ರಿಕೆಯ ತುಣುಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಬಿಟ್ಟು ಮೂರು ದಿನ ಆಯ್ತು ಸಾರ್. ಇವರ ಔಷಧಿ ಶುರು ಮಾಡಿದ್ವಿ. ಪೇಪರಿನಲ್ಲೇ ಬಂದಿತ್ತಲ್ಲ."

ಮೀಟರಿನಲ್ಲಿ ಸಂಖ್ಯೆಯೇ ಬರಲಿಲ್ಲ. ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಸಲೈನ್ ಹಾಕಿ ಅದೇ ರಾತ್ರಿ ಜಿಲ್ಲಾಸ್ಪತ್ರೆಗೆ ಕಳಿಸಿದೆ. ಐದು ದಿನದ ಮೇಲೆ ಹುಡುಗಿ ಉಳಿದು ಬಂದಳು.

ಆ ತುಣುಕನ್ನು ನಾನು ಅನಂತರ ಓದಿದೆ. ಬೇರು, ತೊಗಟೆಗಳ ನಡುವೆ ಕುಳಿತ ವೈದ್ಯರ ಫೋಟೋ, ಮನೆಯ ಮುಂದೆ ಜನರ ಸಾಲು, ಗುಣವಾಯಿತೆಂದು ಹೇಳುವ ಮೂವರ ಮಾತು. ಅವರಲ್ಲಿ ಐವತ್ತು ದಾಟಿದ ಒಬ್ಬರಿಗೆ 300 ಇದ್ದ ಸಕ್ಕರೆ ತಿಂಗಳೊಳಗೆ 140ಕ್ಕೆ ಇಳಿದಿತ್ತಂತೆ. ಇದು ಸುಳ್ಳೆಂದು ನಾನು ಹೇಳುವುದಿಲ್ಲ. ವೈದ್ಯರು ಅವರಿಗೆ ಕಷಾಯದ ಜೊತೆಗೆ ಅನ್ನ ಕಡಿಮೆ ಮಾಡಿಸಿ, ಸಿಹಿ ಬಿಡಿಸಿ, ದಿನಾ ನಡೆಯಲು ಹೇಳಿದ್ದರು. ಆ ವಯಸ್ಸಿನಲ್ಲಿ ಬರುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಇಷ್ಟಕ್ಕೇ ಸಾಕಷ್ಟು ಇಳಿಯುವುದುಂಟು. ಆದರೆ ಈ ಹುಡುಗಿಯದು ಮೊದಲನೆಯ ಬಗೆ. ಇದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ; ಪಥ್ಯದಿಂದ ಅದು ಮರಳಿ ಬರುವುದಿಲ್ಲ. 1922ರಲ್ಲಿ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಎರಡಕ್ಕೂ ನಾವು 'ಸಕ್ಕರೆ ಕಾಯಿಲೆ' ಎಂಬ ಒಂದೇ ಹೆಸರಿಟ್ಟಿದ್ದೇವೆ. ವರದಿಗಾರರೂ ಅದನ್ನೇ ಬರೆದರು, ತಂದೆಯೂ ಅದನ್ನೇ ಓದಿದರು.

ಇಂಥ ವರದಿ ಹೇಗೆ ತಯಾರಾಗುತ್ತದೆಂದು ಸ್ವಲ್ಪ ಯೋಚಿಸಿ. ವರದಿಗಾರರು ಹೋಗುವುದು ವೈದ್ಯರ ಮನೆಗೆ. ಅಲ್ಲಿ ಸಿಗುವವರು ಗುಣವಾದವರು ಅಥವಾ ಗುಣವಾಗುವ ಆಸೆಯಲ್ಲಿ ಬಂದವರು. ಗುಣವಾಗದವರು ಎರಡನೆಯ ಸಲ ಆ ಬಾಗಿಲಿಗೆ ಬರುವುದಿಲ್ಲ, ಆಸ್ಪತ್ರೆಯಲ್ಲಿರುತ್ತಾರೆ. ಅವರ ಫೋಟೋ ತೆಗೆಯುವವರಿಲ್ಲ. ವರದಿ ಅಚ್ಚಾದ ಮೇಲೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಮುಂದೆ ಬರುವ ಟಿವಿಯವರು ಅದನ್ನೇ ನೋಡಿ 'ಪತ್ರಿಕೆಗಳಲ್ಲಿ ಪ್ರಸಿದ್ಧರಾದ' ಎಂದು ಶುರುಮಾಡುತ್ತಾರೆ. (ಪತ್ರಿಕೆಯಲ್ಲೇ ಕುಳಿತು ಪತ್ರಿಕೆಯನ್ನು ದೂರುತ್ತಿದ್ದಾನೆ ಎನ್ನಬೇಡಿ. ನಮ್ಮ ಪದ್ಧತಿಯವರೂ ಸಾಚಾ ಅಲ್ಲ. ಅಲೋಪತಿ ವೈದ್ಯರು ತಮ್ಮ ಜಾಹೀರಾತು ಮಾಡಿಕೊಳ್ಳಬಾರದೆಂದು 2002ರ ನಡವಳಿಕೆ ನಿಯಮ ಹೇಳುತ್ತದೆ. ಸಂದರ್ಶನದ ಹೆಸರಿನಲ್ಲಿ ಏನೇನು ನಡೆಯುತ್ತದೆಂದು ನೀವೇ ನೋಡುತ್ತಿದ್ದೀರಿ.)

2021ರ ಮೇ ತಿಂಗಳಲ್ಲಿ ಕೊರೋನಾದ ಎರಡನೆಯ ಅಲೆ ಏರಿದ್ದಾಗ ಆಂಧ್ರದ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣಂ ಎಂಬ ಊರು ನಿಮಗೆ ನೆನಪಿರಬಹುದು. ಅಲ್ಲಿನ ಆನಂದಯ್ಯ ಎಂಬುವರು ಉಚಿತವಾಗಿ ಗಿಡಮೂಲಿಕೆ ಔಷಧಿಯನ್ನೂ ಕಣ್ಣಿಗೆ ಹನಿಯನ್ನೂ ಕೊಡುತ್ತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಹನಿ ಹಾಕಿದ ಕೆಲವೇ ನಿಮಿಷದಲ್ಲಿ ಚೇತರಿಸಿಕೊಂಡೆ ಎಂದು ಹೇಳಿದ ವಿಡಿಯೋ ಮನೆಮನೆ ತಲುಪಿತು. ಸಾವಿರಾರು ಜನ ಆ ಊರಿಗೆ ನುಗ್ಗಿದರು. ಅದೇ ತಿಂಗಳ ಕೊನೆಗೆ ಆ ಮೇಷ್ಟ್ರು ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಹನಿಯಿಂದಲೇ ಸತ್ತರೆಂದು ನಾನು ಹೇಳುತ್ತಿಲ್ಲ. ಅವರು ಮಾತಾಡಿದ್ದು ಒಂದು ಗಳಿಗೆಯ ಅನುಭವ. ಕಾಯಿಲೆ ನಡೆಯುವುದು ವಾರಗಟ್ಟಲೆ. ಆಂಧ್ರ ಸರ್ಕಾರ ಹೊಟ್ಟೆಗೆ ಕೊಡುವ ಔಷಧಿಗೆ ಅನುಮತಿ ಕೊಟ್ಟಾಗಲೂ ಅದು ಕೊರೋನಾ ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲವೆಂದು ತಜ್ಞರ ವರದಿ ಹೇಳಿತ್ತು. ಕಣ್ಣಿನ ಹನಿಗೆ ಆಗ ಅನುಮತಿ ಸಿಗಲಿಲ್ಲ.

ನಮ್ಮೂರುಗಳ ಕಾಮಾಲೆ ಔಷಧಿಯ ಖ್ಯಾತಿಯೂ ಹೀಗೆಯೇ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರ ವಿಶ್ರಾಂತಿ ತೆಗೆದುಕೊಂಡರೆ ತಾನಾಗಿಯೇ ಇಳಿಯುತ್ತದೆ. ಆ ನಡುವೆ ಏನು ಕುಡಿದಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ನಿಂತಿದ್ದರೂ ಕಣ್ಣು ಹಳದಿಯಾಗುತ್ತದೆ. ಮಲ ಬಿಳಿಚಿದ್ದರೆ, ಮೈಯೆಲ್ಲ ನವೆ ಇದ್ದರೆ, ಚಳಿಜ್ವರ ಬಂದರೆ, ರೋಗಿ ಮಂಕಾಗಿ ತೊದಲುತ್ತಿದ್ದರೆ ಸೊಪ್ಪಿನ ರಸ ಕುಡಿಸುತ್ತಾ ಕಾಯಬಾರದು. ಗರ್ಭಿಣಿಗೆ ಕಾಮಾಲೆ ಕಂಡರಂತೂ ಒಂದು ದಿನವೂ ತಡಮಾಡಬೇಡಿ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿದಂತೆ 54 ತೊಂದರೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ತಡೆಯಲು 1954ರಲ್ಲೇ ಕಾನೂನು ಬಂದಿದೆ. ಅದೇ ಮಾತು ಸುದ್ದಿಯ ವೇಷದಲ್ಲಿ ಬಂದಾಗ ಹಿಡಿಯುವುದು ಕಷ್ಟ. ಹಾಗಾಗಿ ಓದುವಾಗ ನೀವೇ ಕೇಳಿಕೊಳ್ಳಿ: ವೈದ್ಯರು ಓದಿದ್ದೇನು? ಬಿ.ಎ.ಎಂ.ಎಸ್. ಎಂದರೆ ಐದೂವರೆ ವರ್ಷದ ಓದು. ಅಂಥವರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ಬೇಸರಪಡುವುದಿಲ್ಲ. ಗುಣವಾದವರಿಗೆ ಮೊದಲು ಯಾವ ಪರೀಕ್ಷೆಯಾಗಿತ್ತು, ಆಮೇಲೆ ಯಾವುದಾಯಿತು? ಜೊತೆಗೆ ಬೇರೆ ಮಾತ್ರೆಯನ್ನೂ ನುಂಗುತ್ತಿದ್ದರೇ? ಆರು ತಿಂಗಳ ಮೇಲೆ ಯಾರಾದರೂ ಹೋಗಿ ನೋಡಿದರೇ?

ಇಷ್ಟೆಲ್ಲ ಕೇಳಿಯೂ ಹೋಗಬೇಕೆನಿಸಿದರೆ ಹೋಗಿ. ನಾನು ಬೈಯುತ್ತೇನೆಂದು ಮುಚ್ಚಿಡಬೇಡಿ. ಆ ಪುಡಿಯ ಪೊಟ್ಟಣವನ್ನೂ ತಂದು ನಿಮ್ಮ ವೈದ್ಯರಿಗೆ ತೋರಿಸಿ. ಆದರೆ ಇನ್ಸುಲಿನ್, ಮೂರ್ಛೆರೋಗದ ಮಾತ್ರೆ, ಕ್ಷಯದ ಮಾತ್ರೆ, ಹೃದಯದ ಮಾತ್ರೆ ಇವನ್ನು ಯಾರ ಮಾತಿಗೂ ಒಮ್ಮೆಲೇ ನಿಲ್ಲಿಸಬೇಡಿ. ಇನ್ಸುಲಿನ್ ತಪ್ಪಿದ ಮಗುವಿಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.