ಹಳೆಯ ಷೆವರ್ಲೆ ಬಾಡಿಯ ಫಲಕವನ್ನು ಓದುವ ಕ್ರಮ

ಹಳೆಯ ಕಾರುಗಳ ಬಿಡಿಭಾಗಗಳ ವ್ಯವಹಾರದಲ್ಲಿ, '1957ರ ಷೆವರ್ಲೆ ಬಾಗಿಲು' ಎಂಬಷ್ಟೇ ವಿವರವನ್ನು ನಂಬಿ ಸರಕು ಕೊಳ್ಳುವುದಾಗಲಿ, ಅಚ್ಚು ಮಾಡಿಸುವುದಾಗಲಿ ನಷ್ಟಕ್ಕೆ ದಾರಿ. ಒಂದೇ ವರ್ಷದ ಕಾರಿನಲ್ಲಿಯೂ ಬಾಡಿಯ ವಿನ್ಯಾಸಗಳು ಹಲವು. ಅವುಗಳನ್ನು ಗುರುತಿಸಲು ತಯಾರಕರ ಫಲಕವೇ ಮೊದಲ ಆಧಾರ.

ಈ ಕಾರುಗಳ ಬಾಡಿಯನ್ನು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗವು ತಯಾರಿಸುತ್ತಿತ್ತು. ಎಂಜಿನ್ ಕೋಣೆಯ ಹಿಂಬದಿಯ ತಗಡುಗೋಡೆಯ ಮೇಲೆ ಅದರ ಫಲಕವಿರುತ್ತದೆ. ಅದರಲ್ಲಿ ಸ್ಟೈಲ್, ಬಾಡಿ, ಟ್ರಿಮ್ ಹಾಗೂ ಪೇಂಟ್ ಸಂಖ್ಯೆಗಳನ್ನು ಕಾಣಬಹುದು.

ಸ್ಟೈಲ್ ಸಂಖ್ಯೆ 57-1037ಡಿ ಎಂದಿದೆಯೆನ್ನೋಣ. 57 ಎಂಬುದು ಮಾದರಿಯ ವರ್ಷ. 1037 ಎಂಬುದು ನಡುಗಂಬವಿಲ್ಲದ, ಎರಡು ಬಾಗಿಲಿನ ಹಾರ್ಡ್‌ಟಾಪ್. 'ಡಿ' ಎಂಬುದು ಬೆಲ್ ಏರ್ ದರ್ಜೆ. 1011 ಎಂದಿದ್ದರೆ ಅದು ಎರಡು ಬಾಗಿಲಿನ ಸೆಡಾನ್. ಬಾಗಿಲುಗಳ ಸಂಖ್ಯೆ ಒಂದೇ ಆದರೂ ಸೆಡಾನ್ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟುಂಟು, ಹಾರ್ಡ್‌ಟಾಪ್‌ಗೆ ಇಲ್ಲ. ಆದ್ದರಿಂದ ಒಂದರ ಬದಲು ಇನ್ನೊಂದು ಹೊಂದುವುದಿಲ್ಲ.

ಬಾಡಿ ಸಂಖ್ಯೆಯನ್ನು ವಾಹನದ ಕ್ರಮಸಂಖ್ಯೆಯೆಂದು ಭಾವಿಸಬಾರದು. ಕ್ರಮಸಂಖ್ಯೆಯ ಫಲಕವು ಎಡಬದಿಯ ಮುಂಬಾಗಿಲಿನ ಕೀಲುಗಂಬದ ಮೇಲಿರುತ್ತದೆ. ಅದು 'ವಿಸಿ57' ಎಂದು ಆರಂಭವಾದರೆ ವಿ-8 ಎಂಜಿನ್‌ನ ಬೆಲ್ ಏರ್ ಎಂದರ್ಥ. ಎರಡು ಫಲಕಗಳ ವಿವರ ತಾಳೆಯಾಗದಿದ್ದರೆ ಫಲಕವೋ ಬಾಡಿಯೋ ಬದಲಾಗಿರುವ ಸಂಭವವುಂಟು.

ಫಲಕವು ಕಾರ್ಖಾನೆಯಿಂದ ಹೊರಬಿದ್ದಾಗಿನ ಬಾಡಿಯ ಸ್ಥಿತಿಯನ್ನಷ್ಟೇ ಹೇಳುತ್ತದೆ; ಮುಂದೆ ಜೋಡಿಸಿದ ಬಾಗಿಲನ್ನು ಅದು ಅರಿಯದು. ಆದಕಾರಣ ಖರೀದಿ ಪತ್ರದಲ್ಲಿ ಸ್ಟೈಲ್ ಸಂಖ್ಯೆಯನ್ನು ನಮೂದಿಸಿ, ಮಾದರಿ ಭಾಗವನ್ನು ಅಳೆದು ನೋಡಿದ ಬಳಿಕವೇ ಮುಂಗಡ ಕೊಡುವುದು ಕ್ಷೇಮ.