ಟ್ರಾನ್ಸ್‌ಪೋಸ್ ಬಟನ್ ಇಲ್ಲದ ದಿನ – ಯೌವನಸ್ಥರ ಕೂಟದ ಪಾಠ

ಇವತ್ತು ಸ್ವಲ್ಪ ಬೇರೆ ಥರದ ಪಾಠ. ಕೀಬೋರ್ಡ್, ಪಿಯಾನೋ ಕಲಿಯೋದು ಹೇಗೆ, ಪ್ರಾಕ್ಟೀಸ್ ಮಾಡೋದು ಹೇಗೆ ಅಂತ ನಿಮ್ಮಲ್ಲಿ ನಾಲ್ಕೈದು ಜನ ಕೇಳಿದ್ರಿ. ಮೊದಲು ಸತ್ಯವೇದ ತೆರೆಯಿರಿ: 1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ, 1ರಿಂದ 8.

ದಾವೀದನು ಆರಾಧನೆಗೆ ನೇಮಿಸಿದ ವಾದ್ಯಗಾರರ ಲೆಕ್ಕ ಅಲ್ಲಿದೆ. 24 ತಂಡ, ಒಂದೊಂದರಲ್ಲಿ 12 ಜನ, ಒಟ್ಟು 288. 1ನೇ ವಚನ ಇವರನ್ನು ವಾದ್ಯಗಳೊಂದಿಗೆ ಪ್ರವಾದಿಸುವವರು ಅನ್ನುತ್ತೆ. 7ನೇ ವಚನ ಇವರನ್ನೇ ತರಬೇತಿ ಹೊಂದಿದವರು ಅನ್ನುತ್ತೆ. ಎರಡೂ ಒಂದೇ ಜನ! “ಬ್ರದರ್, ಅಭಿಷೇಕ ಇದ್ದರೆ ಸಾಕು, ಪ್ರಾಕ್ಟೀಸ್ ಯಾಕೆ?” ಅಂತ ಕೇಳುವವರಿಗೆ ಈ ಅಧ್ಯಾಯವೇ ಉತ್ತರ. ನಾನೂ ಒಂದು ಕಾಲದಲ್ಲಿ ಹಾಗೆಯೇ ಹೇಳ್ತಿದ್ದೆ. ನನ್ನ ಬಾಯಿ ಮುಚ್ಚಿಸಿದ ಒಂದು ಸಂಗತಿ ಹೇಳ್ತೀನಿ.

ಬೈಬಲ್ ಕಾಲೇಜು ಮುಗಿಸಿ ಬಂದ ಹೊಸತು. ಸಭೆಯಲ್ಲಿ ಕೀಬೋರ್ಡ್ ನುಡಿಸ್ತಿದ್ದವನು ನಾನೇ. ನನಗೆ ಗೊತ್ತಿದ್ದದ್ದು ಸಿ ಸ್ಕೇಲ್ ಒಂದೇ. ಹಾಡು ಡಿ ಅಂದ್ರೆ ಟ್ರಾನ್ಸ್‌ಪೋಸ್ ಪ್ಲಸ್ ಎರಡು, ಎಫ್ ಅಂದ್ರೆ ಪ್ಲಸ್ ಐದು. ಬಟನ್ ಒತ್ತೋದು, ಕೈ ಮಾತ್ರ ಸಿ ಬಿಟ್ಟು ಹೋಗಲ್ಲ. ಎಲ್ಲರೂ “ಚೆನ್ನಾಗಿ ನುಡಿಸ್ತೀರಾ ಬ್ರದರ್” ಅಂತಿದ್ರು.

ಒಂದಿನ ಹಲಸೂರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಒಬ್ಬ ಅಂಕಲ್ ಮನೆಗೆ ಪ್ರಾರ್ಥನೆಗೆ ಹೋದ್ವಿ. ಹಾಲ್‌ನಲ್ಲಿ ಹಳೇ ಮರದ ಪಿಯಾನೋ. “ತಮ್ಮಾ, ಒಂದು ಹಾಡು ನುಡಿಸಪ್ಪ, ನಾನೂ ಹಾಡ್ತೀನಿ” ಅಂದ್ರು. ಮಲಗಿದಲ್ಲಿಂದಲೇ ಶುರು ಮಾಡಿದ್ರು, ಅವರ ದನಿಗೆ ಬಂದ ಶ್ರುತಿಯಲ್ಲಿ. ಮರದ ಪಿಯಾನೋದಲ್ಲಿ ಯಾವ ಬಟನ್ ಇದೆ? ಒಂದು ಕೀ ಒತ್ತಿದೆ, ತಪ್ಪು. ಇನ್ನೊಂದು, ಅದೂ ತಪ್ಪು. ಎರಡು ಸಾಲು ಕಾದ ಅಂಕಲ್ ಹಾಡೋದು ನಿಲ್ಲಿಸಿಬಿಟ್ರು. “ಪರವಾಗಿಲ್ಲ ತಮ್ಮಾ, ಪ್ರಾರ್ಥನೆ ಮಾಡೋಣ” ಅಂದ್ರು. ಮೂರು ವಾರಕ್ಕೆ ಅವರು ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಅವರು ಕೇಳಿದ್ದು ದೊಡ್ಡ ಸಂಗೀತವಲ್ಲ, ಮೂರು ಕಾರ್ಡ್. ಅವರಿಗೆ ನನ್ನ ಜೊತೆ ಬೇಕಿತ್ತು, ನನ್ನ ಕೈಗೆ ಆಗಲಿಲ್ಲ. ಆ ರಾತ್ರಿ ದೇವರ ಮುಂದೆ ಸೋಮಾರಿತನಕ್ಕೆ ಕ್ಷಮೆ ಕೇಳಿ, ಮೊದಲಿಂದ ಕಲಿಯೋಕೆ ಕೂತೆ. ಹಾಗೆ ಕಲಿತದ್ದನ್ನು ನಿಮಗೂ ಕೊಡ್ತೀನಿ.

ಒಂದು, ದಿನಕ್ಕೆ 20 ನಿಮಿಷ. ಭಾನುವಾರ ಬೆಳಗ್ಗೆ ಎರಡು ಗಂಟೆ ಒದ್ದಾಡೋದಕ್ಕಿಂತ ಇದು ಮೇಲು. ದಿನಾ ಮನ್ನಾ ಕೂಡಿಸಿಕೊಂಡ ಹಾಗೆ. ಮೊದಲ 5 ನಿಮಿಷ ಸ್ಕೇಲ್, 10 ನಿಮಿಷ ಹಾಡಿನಲ್ಲಿ ತಪ್ಪುವ ಜಾಗ, ಕೊನೆಯ 5 ನಿಮಿಷ ಕಿವಿಗೆ. ಅಪಾರ್ಟ್‌ಮೆಂಟ್‌ನಲ್ಲಿದ್ದೀರಾ? ಹೆಡ್‌ಫೋನ್ ಹಾಕಿಕೊಳ್ಳಿ. ಪಕ್ಕದ ಮನೆಯವರ ನಿದ್ದೆ ಕೆಡಿಸೋದು ಸಾಕ್ಷಿಯಲ್ಲ.

ಎರಡು, ಬೆರಳು. ಹೆಬ್ಬೆರಳು 1, ಕಿರುಬೆರಳು 5. ಬಲಗೈಯಲ್ಲಿ ಸಿ ಸ್ಕೇಲ್ ಹತ್ತುವಾಗ 1-2-3, ಹೆಬ್ಬೆರಳು ಕೆಳಗಿಂದ ದಾಟಿ 1-2-3-4-5. ಜಿ, ಡಿ ಸ್ಕೇಲ್‌ಗೂ ಇದೇ ಕ್ರಮ. ಎಫ್ ಮಾತ್ರ 1-2-3-4, 1-2-3-4. ಭುಜ ಸಡಿಲ ಇರಲಿ, ಮೊಣಕೈ ಕೀ ಮಟ್ಟಕ್ಕಿರಲಿ. ನೋವು ಬಂದ್ರೆ ನಿಲ್ಲಿಸಿ.

ಮೂರು, ನಿಧಾನ. ಫೋನಿನಲ್ಲಿ ಮೆಟ್ರೋನೋಮ್ ಹಾಕಿ, 60ರಿಂದ ಶುರು ಮಾಡಿ. ಮೂರು ಸಲ ತಪ್ಪಿಲ್ಲದೆ ಬಂದ್ರೆ ಮಾತ್ರ ನಾಲ್ಕು ಹೆಚ್ಚಿಸಿ. ಎಡಗೈ ಬೇರೆ, ಬಲಗೈ ಬೇರೆ, ಆಮೇಲೆ ಎರಡೂ ಕೂಡಿಸಿ. ವೇಗವಾಗಿ ತಪ್ಪು ನುಡಿಸಿದ್ರೆ ಬೆರಳು ಕಲಿಯೋದು ತಪ್ಪನ್ನೇ.

ನಾಲ್ಕು, ಕಾರ್ಡ್‌ಗಳನ್ನು ನಂಬರ್‌ನಲ್ಲಿ ಯೋಚಿಸಿ. ಸ್ಕೇಲ್‌ನ 1, 4, 5ನೇ ಸ್ವರದ ಮೇಲಿನ ಕಾರ್ಡ್‌ಗಳು, ಜೊತೆಗೆ 6ರ ಮೈನರ್. ಸಿ ಆದ್ರೆ ಸಿ, ಎಫ್, ಜಿ, ಎ ಮೈನರ್. ಡಿ ಆದ್ರೆ ಡಿ, ಜಿ, ಎ, ಬಿ ಮೈನರ್. ಮೂರೇ ಕಾರ್ಡ್ ಇರುವ ಒಂದು ಹಾಡು ತಗೊಂಡು ಮೊದಲ ವಾರ ಸಿ, ಎರಡನೇ ವಾರ ಜಿ, ಆಮೇಲೆ ಡಿ, ಎಫ್. ಒಂದು ತಿಂಗಳಿಗೆ ನಾಲ್ಕು ಸ್ಕೇಲ್, ಬಟನ್ ಇಲ್ಲದೆ!

ಐದು, ಕಿವಿ. ಮನೆಯಲ್ಲಿ ಅಮ್ಮನಿಗೆ ಹಾಡಲು ಹೇಳಿ. ಹಾಡು ಹೋಗಿ ನಿಲ್ಲುವ ಸ್ವರ, ಅಂದ್ರೆ ಅವರ “ಸ”, ಅದನ್ನು ಗುನುಗುತ್ತಾ ಕೀ ಮೇಲೆ ಹುಡುಕಿ. ಸಿಕ್ತಾ? ಅದೇ ನಿಮ್ಮ 1. ಹಲಸೂರಿನಲ್ಲಿ ನನ್ನ ಹತ್ತಿರ ಇಲ್ಲದೇ ಇದ್ದದ್ದು ಇದೇ.

ಟ್ರಾನ್ಸ್‌ಪೋಸ್ ಬಟನ್ ಪಾಪ ಅಂತ ನಾನು ಹೇಳ್ತಿಲ್ಲ. ಅದು ಊರುಗೋಲು. ಕಾಲಿಗೆ ಬಲ ಬರುವ ತನಕ ಇರಲಿ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೇಳಿ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ವಾದಕರು. 1940ರಲ್ಲಿ, 21ನೇ ವಯಸ್ಸಿಗೆ ಪಟ್ಟಕ್ಕೆ ಬಂದ್ರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ಕೊಟ್ಟಿತು. ರಷ್ಯದ ಸಂಗೀತಗಾರ ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಅರಮನೆ ತುಂಬ ಆಳುಗಳು, ಆದ್ರೆ ಮಹಾರಾಜರ ಬದಲು ಸ್ಕೇಲ್ ನುಡಿಸೋಕೆ ಒಬ್ಬರಿಗೂ ಆಗಲ್ಲ. ನಿಮ್ಮ 20 ನಿಮಿಷವನ್ನೂ ನೀವೇ ಕೂರಬೇಕು.

ಗ್ರೇಡ್ ಪರೀಕ್ಷೆ ಬೇಕಾ ಅಂತ ಕೇಳ್ತೀರಿ. ಟ್ರಿನಿಟಿ ಪರೀಕ್ಷೆ ನಮ್ಮ ಬೆಂಗಳೂರಿನಲ್ಲೇ ಬರೆಯಬಹುದು, 8ನೇ ಗ್ರೇಡ್‌ವರೆಗೂ ಇದೆ. ಒಳ್ಳೆಯದೇ, ಆದ್ರೆ ಕಡ್ಡಾಯವಲ್ಲ. ತಪ್ಪು ತೋರಿಸಿ ತಿದ್ದುವ ಒಬ್ಬ ಗುರು ಮಾತ್ರ ಬೇಕೇ ಬೇಕು. ವಿಡಿಯೋ ನಿಮಗೆ ತೋರಿಸುತ್ತೆ, ನಿಮ್ಮ ಕೈಯನ್ನು ನೋಡಲ್ಲ.

ಕೊನೆಗೆ 8ನೇ ವಚನಕ್ಕೆ ಬನ್ನಿ. ದೊಡ್ಡವನು, ಚಿಕ್ಕವನು, ಗುರು, ಶಿಷ್ಯ, ಎಲ್ಲರಿಗೂ ಒಂದೇ ರೀತಿ ಚೀಟಿ ಹಾಕಿದರು. ಕಲಿಯುತ್ತಿರುವವನಿಗೂ ಆರಾಧನೆಯಲ್ಲಿ ಜಾಗ ಇದೆ. ಆದ್ದರಿಂದ ಪೂರ್ತಿ ಕಲಿತ ಮೇಲೆ ಸೇವೆ ಅಂತ ಕಾಯಬೇಡಿ, ಸೇವೆ ಸಿಕ್ಕಿತು ಅಂತ ಕಲಿಯೋದನ್ನು ಬಿಡಲೂ ಬೇಡಿ.

ಈ ವಾರದ ಕೆಲಸ: ಜಿ ಸ್ಕೇಲ್, ಒಂದು ಹಾಡು, ದಿನಾ 20 ನಿಮಿಷ. ಮುಂದಿನ ಶನಿವಾರ ಕೀಬೋರ್ಡ್ ಇಲ್ಲೇ ಇರುತ್ತೆ, ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿ. ನಿಮ್ಮ ಕೈ ಮುಟ್ಟುವ ಯಾರೋ ಒಬ್ಬರು ಎಲ್ಲೋ ಹಾಡೋಕೆ ಕಾಯ್ತಿದ್ದಾರೆ. ಎದ್ದು ನಿಂತು ಪ್ರಾರ್ಥಿಸೋಣ. ಆಮೆನ್.