ಅಂಗುಲದ ಎಂಜಿನ್ನು, ಮಿಲಿಮೀಟರಿನ ಅಳತೆಗೋಲು

ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಇಂದು ತಯಾರಾಗುವ ಬೋಲ್ಟು, ಬುಷ್ಷು, ಗಿಯರುಗಳು ಬಹುಮಟ್ಟಿಗೆ ಮಿಲಿಮೀಟರಿನ ಅಳತೆಯವು. ಆದರೆ ದುರಸ್ತಿಗೆಂದು ಬಂದು ಮೇಜನ್ನೇರುವ ಹಳೆಯ ಎಂಜಿನ್ನು ಅಂಗುಲದ ಲೆಕ್ಕದಲ್ಲಿ ಹುಟ್ಟಿದ್ದಾಗಿರಬಹುದು. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿ ಅಂಗೀಕೃತವಾಗಿ, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ಕಾನೂನು ಅಂಗಡಿಯ ತೂಕದ ಬಟ್ಟುಗಳನ್ನು ಬದಲಿಸಬಲ್ಲುದು. ಎರಕ ಹೊಯ್ದು ಕೊರೆದಾದ ಕಬ್ಬಿಣದ ರಂಧ್ರವನ್ನು ಬದಲಿಸಲಾರದು.

ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಮೋಟಾರು ಸೈಕಲ್ಲು ಚೆಕೊಸ್ಲೊವಾಕಿಯದ ಮೂಲದ್ದು, ಮೆಟ್ರಿಕ್ ಅಳತೆಯದು. 1955ರಿಂದ ಮದರಾಸಿನಲ್ಲಿ ಜೋಡಣೆಗೊಳ್ಳತೊಡಗಿದ ಬುಲೆಟ್ಟು ಇಂಗ್ಲೆಂಡಿನ ಮೂಲದ್ದು. ವಿನೋದವೆಂದರೆ, ಬುಲೆಟ್ 350ರ ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಓಟ 90 ಮಿಲಿಮೀಟರ್ ಎಂದು ಆಂಗ್ಲರೇ ನಮೂದಿಸಿದರು. ತಿರುಪುಗಳನ್ನು ಮಾತ್ರ ಅಂಗುಲದಲ್ಲಿಯೇ ಉಳಿಸಿಕೊಂಡರು. ಒಂದೇ ಎಂಜಿನ್ನಿನೊಳಗೆ ಎರಡು ಮಾನಗಳ ಸಂಸಾರ!

ಒಂದು ಅಂಗುಲಕ್ಕೆ 25.4 ಮಿಲಿಮೀಟರ್. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಇದು ಅಂದಾಜಲ್ಲ, ನಿಖರ ಸಂಖ್ಯೆ. ಆದ್ದರಿಂದ ಗುಣಾಕಾರ ಸುಲಭ. ತೊಡಕಿರುವುದು ಅಂಕಿಯನ್ನು ಮೊಟಕುಗೊಳಿಸುವಲ್ಲಿ. ಮೇಲಿನ 70 ಮಿಲಿಮೀಟರನ್ನು ‘ಸುಮಾರು ಎರಡು ಮುಕ್ಕಾಲು ಅಂಗುಲ’ ಎಂದುಕೊಂಡೆವೆನ್ನೋಣ. ಎರಡು ಮುಕ್ಕಾಲು ಅಂಗುಲವೆಂದರೆ 69.85 ಮಿಲಿಮೀಟರ್. ವ್ಯತ್ಯಾಸ 0.15. ಬಡಗಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇಂತಹ ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಬಿಡುವ ಸಂದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ!

ಅಂಗುಲದ ಸಾವಿರದಲ್ಲೊಂದು ಪಾಲನ್ನು ಕಾರ್ಖಾನೆಗಳಲ್ಲಿ ‘ಥೌ’ ಎನ್ನುತ್ತಾರೆ, ಅದು 0.0254 ಮಿಲಿಮೀಟರ್. ವಾಲ್ವಿನ ಸಂದು ಹತ್ತು ಥೌ ಇರಬೇಕೆಂದು ಹಳೆಯ ಕೈಪಿಡಿಯೊಂದು ಹೇಳಿದರೆ ನಮಗೆ ಬೇಕಾದುದು 0.25 ಮಿಲಿಮೀಟರಿನ ಫೀಲರ್ ಗೇಜು. ಆದರೆ ಮೆಟ್ರಿಕ್ ಗೇಜಿನ ಕಟ್ಟಿನಲ್ಲಿ ‘10’ ಎಂದು ಕೆತ್ತಿದ ಎಲೆಯೂ ಇರುತ್ತದೆ. ಅದು 0.10 ಮಿಲಿಮೀಟರ್, ಎಂದರೆ ನಾಲ್ಕೇ ಥೌ. ಅವಸರದಲ್ಲಿ ಇದನ್ನು ತೂರಿಸಿ ಸಂದು ಕಟ್ಟಿದ ಫಿಟ್ಟರಿಗೆ ಅಂದು ಏನೂ ಕಾಣದು. ಎಂಜಿನ್ನು ಸದ್ದಿಲ್ಲದೆ ಇನ್ನೂ ಚೆನ್ನಾಗಿಯೇ ಓಡುವಂತೆ ತೋರುತ್ತದೆ. ಕಾದಮೇಲೆ ವಾಲ್ವಿನ ಕಡ್ಡಿ ಹಿಗ್ಗಿ ಆ ಕಿರಿದಾದ ಸಂದು ಮುಚ್ಚಿಹೋಗುತ್ತದೆ, ವಾಲ್ವು ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ, ಉರಿಯುವ ಅನಿಲ ಆ ಬಿರುಕಿನಲ್ಲಿ ನುಗ್ಗಿ ಅದರ ಅಂಚನ್ನು ಸುಟ್ಟುಬಿಡುತ್ತದೆ. ಗೇಜಿನ ಮೇಲಿನ ಅಂಕಿಗಿಂತ ಅದರ ಮಾನವನ್ನು ಮೊದಲು ಓದಬೇಕೆಂದು ಹಿರಿಯ ಫಿಟ್ಟರುಗಳು ಗದರಿಸುವುದು ಇದಕ್ಕಾಗಿಯೇ.

ತಿರುಪುಗಳ ವಿಷಯ ಇನ್ನೂ ಕುಟಿಲವಾದುದು. ಕಾಲು ಅಂಗುಲದ ಬಿ.ಎಸ್.ಎಫ್. ತಿರುಪಿನ ವ್ಯಾಸ 6.35 ಮಿಲಿಮೀಟರ್, ಅಂಗುಲಕ್ಕೆ 26 ಸುತ್ತುಗಳಿರುವುದರಿಂದ ಅದರ ಪಿಚ್ಚು 0.977 ಮಿಲಿಮೀಟರ್. 6 ಮಿಲಿಮೀಟರಿನ ಸಾಮಾನ್ಯ ಮೆಟ್ರಿಕ್ ಬೋಲ್ಟಿನ ಪಿಚ್ಚು 1 ಮಿಲಿಮೀಟರ್. ಇವೆರಡೂ ಎಷ್ಟು ಹತ್ತಿರವೆಂದರೆ, ಹಳೆಯ ರಂಧ್ರದಲ್ಲಿ ಹೊಸ ಬೋಲ್ಟು ಒಂದಿಷ್ಟು ಅಲುಗಾಡುತ್ತ ಹಿಡಿದುಕೊಳ್ಳುತ್ತದೆ. ಆದರೆ 1841ರಲ್ಲಿ ವಿಟ್‌ವರ್ತ್ ಗೊತ್ತುಪಡಿಸಿದ ತಿರುಪಿನ ಕೋನ 55 ಡಿಗ್ರಿ, ಬಿ.ಎಸ್.ಎಫ್. ಅದನ್ನೇ ಅನುಸರಿಸಿತು. ಮೆಟ್ರಿಕ್ಕಿನದು 60 ಡಿಗ್ರಿ. ಹೀಗಾಗಿ ಹಲ್ಲಿಗೆ ಹಲ್ಲು ಪೂರ್ತಿ ಕೂಡದೆ ಅಂಚುಗಳಷ್ಟೇ ಭಾರ ಹೊರುತ್ತವೆ. ಅಲ್ಯೂಮಿನಿಯಮ್ಮಿನ ಕವಚವಾದರೆ ಬಿಗಿಮಾಡುವಾಗಲೇ ರಂಧ್ರದ ಹಲ್ಲುಗಳು ಕಿತ್ತುಬಂದಾವು. ಲೆಕ್ಕ ಎಷ್ಟು ಸರಿಯಾಗಿ ಮಾಡಿದರೂ ಇಲ್ಲಿ ಪರಿವರ್ತನೆಯೆಂಬುದಿಲ್ಲ; ಅದೇ ಜಾತಿಯ ಬೋಲ್ಟನ್ನೇ ಹುಡುಕಬೇಕು, ಇಲ್ಲವೇ ಲೇತಿನಲ್ಲಿ ಕಡೆಯಬೇಕು.

ಲೇತಾದರೂ ಅಂಗುಲದ್ದೇ ಆಗಿದ್ದು, ಕಡೆಯಬೇಕಾದ ತಿರುಪು ಮೆಟ್ರಿಕ್ಕಿನದಾದರೆ? ಇದಕ್ಕೊಂದು ಸೊಗಸಾದ ಉಪಾಯವಿದೆ. 25.4ನ್ನು ಐದರಿಂದ ಗುಣಿಸಿದರೆ 127 ಬರುತ್ತದೆ. ಆದ್ದರಿಂದ 127 ಹಲ್ಲಿನ ಚಕ್ರವೊಂದನ್ನು ಗಿಯರುಗಳ ಸಾಲಿಗೆ ಸೇರಿಸಿದರೆ ಅಂಗುಲದ ಯಂತ್ರ ಮಿಲಿಮೀಟರನ್ನು ಲವಲೇಶವೂ ತಪ್ಪದೆ ಕೊಡುತ್ತದೆ. ಲೀಡ್ ಸ್ಕ್ರೂ ಅಂಗುಲಕ್ಕೆ ನಾಲ್ಕು ಸುತ್ತಿನದಾದರೆ ಅದರ ಪಿಚ್ಚು 6.35 ಮಿಲಿಮೀಟರ್, 1 ಮಿಲಿಮೀಟರ್ ಪಿಚ್ಚಿಗೆ ಅದು ಸ್ಪಿಂಡಲ್ಲಿನ ಒಂದು ಸುತ್ತಿಗೆ 20/127 ಸುತ್ತು ತಿರುಗಬೇಕು. 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಸಣ್ಣ ಚಕ್ರಗಳಿಂದ ಈ ನಿಖರತೆ ದೊರೆಯದು. ಇಷ್ಟು ದೊಡ್ಡ ಚಕ್ರಕ್ಕೆ ಜಾಗವಿಲ್ಲದ ಚಿಕ್ಕ ಲೇತುಗಳಲ್ಲಿ 100/127ಕ್ಕೆ ಬದಲು 63/80 ಬಳಸುವುದುಂಟು. ಆಗ ತಪ್ಪು ಎಂಟು ಸಾವಿರದಲ್ಲಿ ಒಂದು ಪಾಲು. ಅಂಗುಲದುದ್ದದ ತಿರುಪಿನಲ್ಲಿ 0.003 ಮಿಲಿಮೀಟರ್ ಮಾತ್ರ.